ನೆಟ್ಟಗೆ ಬರಲೊಲ್ಲದ ಜೀಪು

ರಾತ್ರಿ ಹನ್ನೊಂದಕ್ಕೆ ತ್ರಿಪ್ಲಿಕೇನಿನ ಓಣಿಯಲ್ಲಿ ‘ಟಕ್’ ಎಂದಿತು. ಸಸ್ಯಾಹಾರಿ ಹೋಟೆಲಿನ ಸೂಪರ್‌ವೈಸರ್ ಸದಾನಂದ ತನ್ನ ಹಳೇ ಜೀಪಿನಲ್ಲಿ ಕೂತು ಸ್ಟಿಯರಿಂಗ್ ಅಲ್ಲಾಡಿಸುತ್ತಿದ್ದ. ಎರಡು ಬೆರಳಿನಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ, ಆಮೇಲೆ ‘ಟಕ್’.

ಹೆಂಡತಿ ತುಂಗಾ ಸಂಜೆಯೇ ಖಡಾಖಂಡಿತ ಹೇಳಿದ್ದಳು: “ನಾಳೆ ಎಣ್ಣೂರಿನ ಕಡಲ ಮರಳಲ್ಲಿ ಓಡಿಸಿ ತೋರಿಸಿ. ಯಾರ ಕೈಲೂ ತಳ್ಳಿಸದೆ ಮನೆಗೆ ಬಂದ್ರೆ ಜೀಪು ಇರ್ಲಿ. ಇಲ್ದಿದ್ರೆ ಸೋಮವಾರ ಮಾರುದೇ.”

ಸದಾನಂದ ಬಾನೆಟ್ ಎತ್ತಿದ. ಸ್ಟಿಯರಿಂಗ್ ಕಂಬದ ಬುಡದ ಪೆಟ್ಟಿಗೆಯಲ್ಲಿ ಒಂದು ಸ್ಕ್ರೂ. ಮುಕ್ಕಾಲು ಸುತ್ತು ಬಿಗಿದ. ಓಣಿ ಇಕ್ಕಟ್ಟು, ಮುಂದಿನ ಚಕ್ರಗಳು ಪೂರ್ತಿ ಗೋಡೆಯತ್ತ ತಿರುಗಿ ನಿಂತಿದ್ದವು. ಅದನ್ನವನು ಲೆಕ್ಕಕ್ಕೇ ಹಿಡಿಯಲಿಲ್ಲ. ಸಡಿಲ ಮಾಯ, ಸದ್ದೂ ಮಾಯ. ಬಹುಮಾನ ಬಂದ ಹುಡುಗನಂತೆ ಹೋಗಿ ಮಲಗಿದ.

ಬೆಳಿಗ್ಗೆ ಗಂಡ ಹೆಂಡತಿ ಹೊರಟಾಗ ಮಹಡಿಮನೆಯ ವಿಷ್ಣುತೀರ್ಥರು ಕರೆಯದೆಯೇ ಹಿಂದಿನ ಸೀಟು ಹತ್ತಿದರು. “ಮೂವತ್ತು ವರ್ಷ ರೈಲ್ವೆದಾಗ ಇದ್ದಾಂವ ನಾನು. ಹಳಿ ಮ್ಯಾಲೆ ಸ್ಟಿಯರಿಂಗೇ ಬೇಡ, ಗೊತ್ತದ ಏನು?”

ರಸ್ತೆಯ ಮೇಲೆ ಮಾತ್ರ ಅದು ಬೇಕೇ ಬೇಕೆಂದು ಕಾಸಿಮೇಡಿನ ಮೀನುಪೇಟೆಯ ತಿರುವಿನಲ್ಲಿ ಗೊತ್ತಾಯಿತು. ಎಡಕ್ಕೆ ತಿರುಗಿದ ಜೀಪು ನೆಟ್ಟಗೆ ಬರಲೊಲ್ಲದು. ದಾರಿಯುದ್ದಕ್ಕೂ ಬಿಗಿಯಾಗುತ್ತ ಬಂದಿದ್ದ ಸ್ಟಿಯರಿಂಗ್ ಈಗ ನಡುವಿಗೆ ಬರುವಷ್ಟರಲ್ಲಿ ಕಲ್ಲಾಗುತ್ತಿತ್ತು. ಮೀನಿನ ಬುಟ್ಟಿಗಳ ಸುತ್ತ ಜೀಪು ಗಾಣದೆತ್ತಿನಂತೆ ಮೆಲ್ಲಗೆ ಸುತ್ತತೊಡಗಿತು.

“ಎನ್ನ ಅಣ್ಣೇ, ಮೂಣಾವದು ರೌಂಡಾ? ಮೀನ್ ವೇಣುಮಾ, ವೇಂಡಾಮಾ?” ಮೂರನೇ ಸುತ್ತಾಯಿತು, ಮೀನು ಬೇಕೋ ಬೇಡವೋ ಎಂದು ಮೀನು ಮಾರುವವಳೊಬ್ಬಳು ಸೊಂಟಕ್ಕೆ ಕೈಯಿಟ್ಟು ತಮಿಳಿನಲ್ಲಿ ಕೇಳಿದಳು.

ವಿಷ್ಣುತೀರ್ಥರು ಮುಖಕ್ಕೆ ಟವೆಲ್ ಸುತ್ತಿಕೊಂಡರು. “ನಾ ಇಲ್ಲಿ ಕಂಡೆ ಅಂತ ಮಠಕ್ಕ ಸುದ್ದಿ ಮುಟ್ಟಿದ್ರ ನನ್ನ ಗತಿ ಏನ್ರಿ!”

“ಬ್ರೇಕ್ ಒತ್ತಿ ಮಾರಾಯ್ರೆ, ಬ್ರೇಕ್!” ಎಂದಳು ತುಂಗಾ. ಆಗ ಸದಾನಂದನಿಗೆ ಬ್ರೇಕಿನ ನೆನಪಾಯಿತು.

ಕನ್ನಡ ಕೇಳಿ, ದೋಣಿ ಎಂಜಿನ್ ರಿಪೇರಿಯ ಐತಪ್ಪ ಪಕ್ಕದ ಶೆಡ್ಡಿನಿಂದ ಬಂದ. ಬಾನೆಟ್ ಎತ್ತಿ ಸ್ಕ್ರೂ ಸಡಿಲಿಸಿದ, ಚಕ್ರ ನೆಟ್ಟಗೆ ಮಾಡಿದ, ಕಿವಿ ಹಿಂಡುವಷ್ಟು ಹಗುರಾಗಿ ಮತ್ತೆ ಬಿಗಿದ.

“ಈ ಪೆಟ್ಟಿಗೆಯೊಳಗೆ ಒಂದು ಸುರುಳಿ, ಸುತ್ತ ಉಕ್ಕಿನ ಗುಂಡುಗಳು, ಆಚೆಗೆ ಹಲ್ಲು. ಕೈ ನಾಲ್ಕು ಸುತ್ತು ತಿರುಗಿದ್ರೆ ಚಕ್ರ ಇಷ್ಟೇ ಹೊರಳುದು. ಹಾಗಾಗಿ ಕಡ್ಡಿಯಂಥ ಕೈಗೂ ಇಷ್ಟು ಭಾರದ ಗಾಡಿ ಬಗ್ಗುದು. ನೆಟ್ಟಗೆ ಹೋಗುವಾಗ ಬಿಗಿ, ಪೂರ್ತಿ ತಿರುಗಿದ್ರೆ ಸಡಿಲ. ಬೇಕಂತಲೇ ಹಾಗೆ ಮಾಡಿದ್ದು! ಸಡಿಲ ಇರುವಲ್ಲಿ ಬಿಗಿದ್ರೆ ನಡುವಲ್ಲಿ ಕಚ್ಚಿ ಹಿಡೀತದೆ. ಗಾಡಿಗೆ ಎಂತದೂ ಆಗಿರ್ಲಿಲ್ಲ. ಚಕ್ರ ತಿರುಗಿಸಿಟ್ಟು ಬಿಗಿದವನಿಗೆ ತಲೆ ಇಲ್ಲ ಅಷ್ಟೆ.”

“ನಮಗೆ ಈ ಜೀಪು ಮಾರಿದವನದ್ದೇ ಕೆಲಸ,” ಎಂದಳು ತುಂಗಾ. ಸದಾನಂದನಿಗೆ ಕೆಮ್ಮು ಬಂತು.

ತುಂಗಾ ಆ ಪೆಟ್ಟಿಗೆಯನ್ನು ದೇವರ ಪೀಠದಂತೆ ನೋಡಿದಳು. “ಕರೆಂಟಿಲ್ಲ, ಪಂಪಿಲ್ಲ. ಬರೀ ಹಲ್ಲು, ಗುಂಡು! ಆಚೆ ಸರಿಯಿರಿ, ನಾನೊಮ್ಮೆ ಓಡಿಸಿ ನೋಡ್ತೇನೆ.” ಊರಲ್ಲಿ ಅಪ್ಪನ ಟೆಂಪೋ ಓಡಿಸಿದ್ದವಳು.

ಎಣ್ಣೂರಿನ ಮರಳಲ್ಲಿ ಜೀಪು ಅವಳ ಕೈಗೆ ಸಾಕಿದ ಎಮ್ಮೆಯಂತೆ ಬಗ್ಗಿತು. “ಮರಳು ಎಲ್ಲಿ ಮೆತ್ತಗೆ ಉಂಟಂತ ಅಂಗೈಗೇ ಗೊತ್ತಾಗ್ತದೆ!” ಎಂದು ಕೂಗಿದಳು. ಸದಾನಂದ ಬಾಯಿ ತೆರೆದು ನೋಡಿದ. ವಿಷ್ಣುತೀರ್ಥರು ಟವೆಲ್ ತೆಗೆದು ಚಪ್ಪಾಳೆ ತಟ್ಟಿದರು.

ಯಾರೂ ತಳ್ಳದೆ ಮನೆ ಮುಟ್ಟಿದರು. “ಮಾರುದು ಬೇಡ,” ಎಂದಳು ತುಂಗಾ. ಸದಾನಂದ ಖುಷಿಯಿಂದ ಕೀಲಿಗೆ ಕೈ ಚಾಚಿದ. ಕೀಲಿ ಅವಳ ಬ್ಯಾಗಿಗೆ ಬಿತ್ತು. “ಇನ್ನು ಓಡಿಸುದು ನಾನೇ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಆ ಸ್ಕ್ರೂ ತಿರುಗಿಸಿದವ ಎಲ್ಲಾದ್ರೂ ಸಿಕ್ಕಿದ್ರೆ, ಅವನನ್ನ ಪಕ್ಕದ ಸೀಟಿಗೂ ಹತ್ತಿಸುದಿಲ್ಲ!”

ಜೀಪು ಉಳಿಯಿತು, ಸ್ಟಿಯರಿಂಗ್ ಹೋಯಿತು. ಸೀಟಾದರೂ ಉಳಿಯಲಿ ಎಂದು ಸದಾನಂದ ಆ ಮುಕ್ಕಾಲು ಸುತ್ತಿನ ವಿಷಯ ಯಾರಿಗೂ ಹೇಳಬಾರದೆಂದು ನಿರ್ಧರಿಸಿದ.