ಜರ್ಮನ್ ಕಾದಂಬರಿಯ ಕೊನೆಯ ಹಾಳೆ

ಒಂದು ಭಾಷೆಯನ್ನು ಅರ್ಧಂಬರ್ಧ ಕಲಿತವನಷ್ಟು ಒಂಟಿ ಪ್ರಾಣಿ ಇನ್ನೊಂದಿಲ್ಲ. ಕಲಿಯದವನಿಗೆ ಚಿಂತೆಯಿಲ್ಲ, ಪೂರ್ತಿ ಕಲಿತವನು ಹೇಗೋ ಬದುಕಿಕೊಳ್ಳುತ್ತಾನೆ. ದಾಂಡೇಲಿಯಲ್ಲಿ ಹೊಸದಾಗಿ ಎದ್ದ ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನಾನು ಜರ್ಮನ್ ಕಲಿತದ್ದು ಯಂತ್ರ ಜೋಡಿಸಲು ಬಂದಿದ್ದ ಹಾನ್ಸ್ ಸಾಹೇಬರಿಂದ. ಎರಡು ವರ್ಷ ದಿನಾ ಸಂಜೆ ಕಾಳಿ ನದಿಯ ದಂಡೆಯಲ್ಲಿ ಅಡ್ಡಾಡುತ್ತ ಅವರು ಮಾತಾಡಿಸಿದರು, ನಾನು ತಪ್ಪು ಮಾಡಿದೆ. ಯಂತ್ರ ತಿರುಗತೊಡಗಿತು, ಅವರು ತಮ್ಮ ಊರಿಗೆ ಹೋದರು. ಆಮೇಲೆ ಇಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲ ಇತ್ತು. ನನ್ನ ಜರ್ಮನ್ ಕೇಳುವ ಕಿವಿ ಮಾತ್ರ ಇರಲಿಲ್ಲ. ಕೋಣೆಯಲ್ಲಿ ಅನ್ನಕ್ಕಿಟ್ಟು ಪಾತ್ರೆಗೇ ಜರ್ಮನ್‌ನಲ್ಲಿ ನಮಸ್ಕಾರ ಹೇಳುತ್ತಿದ್ದೆ.

ಕಾದಂಬರಿ ಓದಿದರೆ ಭಾಷೆ ಉಳಿದೀತು ಎಂದುಕೊಂಡೆ. ಆದರೆ ಯಾವುದನ್ನು? ಸಾಹೇಬರು ಬಿಟ್ಟುಹೋದ ಮೂರು ಪುಸ್ತಕಗಳಲ್ಲಿ ಒಂದು ಮಕ್ಕಳದು. ಅದರಲ್ಲಿ ಮೊಲವೊಂದು ಹತ್ತು ಪುಟ ಗಜ್ಜರಿ ತಿನ್ನುತ್ತದೆ. ಇನ್ನೊಂದು ದಪ್ಪ ಗ್ರಂಥ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಪಾಳಿಯ ಸೀಟಿಯೇ ಕೂಗುತ್ತದೆ. ಮೂರನೆಯದು, ಹಳ್ಳಿಯ ಅಂಚೆಯವನೊಬ್ಬ ವಿಧವೆಯನ್ನು ಮದುವೆಯಾಗಲು ಹೆಣಗುವ ಕತೆ. ಪುಟಕ್ಕೆ ಐದಾರು ಪದ ಮಾತ್ರ ತೊಡಕು. ನನ್ನ ಅಳತೆಗೇ ಹೊಲಿಸಿದ ಅಂಗಿಯಂತಿತ್ತು. ತಿಂಗಳುಗಟ್ಟಲೆ ಆ ಅಂಚೆಯವನೇ ನನ್ನ ಗೆಳೆಯ. ಮುಗಿಸಿದರೆ ಮತ್ತೆ ಒಬ್ಬನೇ ಆಗುತ್ತೇನೆಂಬ ಭಯಕ್ಕೆ ಕೊನೆಯ ಹಾಳೆಯನ್ನು ಓದದೆ ಇಟ್ಟುಕೊಂಡಿದ್ದೆ.

ಆ ಪುಸ್ತಕವನ್ನು ಕಾಗದ ಪರೀಕ್ಷಿಸುವ ಹಳಿಯಾಳದ ಬಸಪ್ಪನ ಕೈಗೆ ಕೊಟ್ಟದ್ದು ನನ್ನ ದಡ್ಡತನ. ನಮ್ಮ ಕಾರ್ಖಾನೆಯವರು ಪುಸ್ತಕ ಸಿಕ್ಕರೆ ಓದುವುದಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಬೆರಳಿನಿಂದ ತಿಕ್ಕುತ್ತಾರೆ. ಮರುದಿನ ಬಸಪ್ಪ ಹಿಗ್ಗುತ್ತ ಬಂದ.

"ಏನ್ ಗಟ್ಟಿ ಕಾಗದರೀ ಸರ! ಪಟ್ಟಿ ಕತ್ತರಿಸಿ ಯಂತ್ರಕ್ಕ ಹಚ್ಚಿ ಜಗ್ಗಿದ್ರ ಲಗೂನ ಹರೀಲೇ ಇಲ್ಲ!"

"ಯಾವ ಹಾಳಿ ಕತ್ತರಿಸಿದ್ಯೋ?"

"ಕೊನೀದ್ರಿ. ನಡುವಿಂದು ತಗದ್ರ ನಿಮ್ಮ ಕತಿ ಕೆಡ್ತೈತಲ್ಲರೀ."

ಬೈಯಲೂ ಆಗಲಿಲ್ಲ. ತಪ್ಪು ಜರ್ಮನ್ ಬರೆಯಲು ನಾಚಿ ಅದುವರೆಗೆ ಸಾಹೇಬರಿಗೆ ಒಂದು ಪತ್ರವನ್ನೂ ಹಾಕಿರಲಿಲ್ಲ. ಈಗ ವಿಧಿಯಿಲ್ಲದೆ ಬರೆದೆ: ಕೊನೆಯ ಹಾಳೆ ಹೋಯಿತು, ಅಂಚೆಯವನ ಮದುವೆ ಆಯಿತೋ, ಇಲ್ಲವೋ? ಎರಡು ತಿಂಗಳಿಗೆ ಎಂಟು ಪುಟದ ಉತ್ತರ ಬಂತು. ಮದುವೆಯ ಸುದ್ದಿ ಮೊದಲ ಸಾಲಿಗೇ ಮುಗಿದಿತ್ತು. ಉಳಿದದ್ದೆಲ್ಲ ಅವರ ಊರಿನ ಹಿಮ, ಕಾಳಿ ದಂಡೆಯ ನೆನಪು. ತಾವೂ ಈಗ ಸಂಜೆ ಒಬ್ಬರೇ ಅಡ್ಡಾಡುವುದಾಗಿ ಬರೆದಿದ್ದರು. ಒಂದು ಪದಕ್ಕೂ ನಾನು ಶಬ್ದಕೋಶ ತೆಗೆಯಲಿಲ್ಲ. ಕಣ್ಣು ಒರೆಸಿಕೊಳ್ಳಲು ಮಾತ್ರ ಎರಡು ಸಲ ನಿಲ್ಲಿಸಿದೆ. ಜೊತೆಗೆ ಹೊಸ ಕಾದಂಬರಿಯೊಂದನ್ನು ಕಳಿಸಿ, ಈ ಸಲ ಕೊನೆಯ ಹಾಳೆ ಜೋಪಾನ ಎಂದಿದ್ದರು.

ಅದನ್ನು ಹಿಡಿದುಕೊಂಡು ನೆಟ್ಟಗೆ ಪರೀಕ್ಷೆಯ ಕೋಣೆಗೆ ಹೋದೆ.

"ಬಸಪ್ಪಾ, ಇದರ ಕಾಗದಾನೂ ಒಂಚೂರು ಜಗ್ಗಿ ನೋಡಪಾ," ಎಂದೆ. "ಕೊನೀ ಹಾಳೀನ ತಗೋ."