ಪಾಮನಕಲ್ಲೂರಿನ ಹಸಿರು ದೀಪ

ಕನಕರಾಜ ಅಂದು ಪಟ್ಟ ಪಾಡಿಗೆಲ್ಲ ಕಾರಣ, ಗ್ಯಾನಮ್ಮ ಹೊಲಕ್ಕೆ ಹೋಗುವ ಮುಂಚೆ ಒಂದು ಸ್ವಿಚ್ ಆರಿಸಿದ್ದು.

ಕನಕರಾಜ ಸಿಂಧನೂರಿನಲ್ಲಿ ಬಸವಂತರಾಯ ಸಾವಕಾರರ ಇಂಟರ್‌ನೆಟ್ ಕಂಪನಿಯ ನೌಕರ. ಮುಕ್ಕುಂದ, ಸಂತೆಕಲ್ಲೂರು, ಪಾಮನಕಲ್ಲೂರು ಈ ಮೂರೂ ಊರುಗಳಲ್ಲಿ ಒಬ್ಬೊಬ್ಬ ಗಿರಾಕಿಯ ಮನೆಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿಯೊಂದನ್ನು ಇಟ್ಟಿದ್ದರು. ಆ ಊರಿನಲ್ಲಿ ನೆಟ್ ನಡೆಯುತ್ತಿದೆಯೋ ಇಲ್ಲವೋ ಎಂದು ಅದು ಸಿಂಧನೂರಿನ ಕಂಪ್ಯೂಟರಿಗೆ ಸದಾ ವರದಿ ಒಪ್ಪಿಸುತ್ತಿತ್ತು. ನಡೆದರೆ ಪರದೆಯ ಮೇಲೆ ಊರಿನ ಹೆಸರಿನ ಮುಂದೆ ಹಸಿರು ದೀಪ, ನಿಂತರೆ ಕೆಂಪು. ಸಾಫ್ಟ್‌ವೇರು ಇಷ್ಟು ದಿನ ತಿಂಗಳಿಗೊಮ್ಮೆ ಸರಾಸರಿ ತೆಗೆಯುತ್ತಿದ್ದುದರಿಂದ ಎಲ್ಲ ಹುಳುಕೂ ಅದರೊಳಗೆ ಕರಗಿ, ಮೂರೂ ಊರು ಹಸಿರಾಗಿಯೇ ಕಾಣುತ್ತಿದ್ದವು.

ಅಂದು ಬೆಳಿಗ್ಗೆ ಸಾವಕಾರರು ವಿಭೂತಿ ಧರಿಸಿ ಬಂದವರೇ ಹೇಳಿದರು: “ಕನಕರಾಜ, ತಿಂಗಳ ಸರಾಸರಿ ಇನ್ನ ಸಾಕು ಮಾಡು. ನಮ್ಮ ಸೇವಾ ಹೆಂಗ ನಡದೈತಿ ಅಂತ ತಾಸು ತಾಸಿಗೆ ಕಾಣಬೇಕು. ಹಂಗ ಅಪ್‌ಡೇಟ್ ಮಾಡು. ಸಂಜಿಗೆ ಮೂರೂ ಹಸಿರು ಬಿಡದಂಗ ನಿಂದ್ರಿಸಿ ತೋರಸು. ಲಿಂಗಸುಗೂರಾಗ ಹೊಸಾ ಆಫೀಸ್ ತಗಿಯಾಕತ್ತೀನಿ, ಅಲ್ಲಿ ಕುರ್ಚಿ ನಿಂದ.”

ಲಿಂಗಸುಗೂರು ಎಂದೊಡನೆ ಕನಕರಾಜನ ಎದೆ ಅರಳಿತು. ಹೆಂಡತಿ ಪ್ರಿಯಾಂಕಾ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದಾಗಿನಿಂದ ಗಂಡಹೆಂಡಿರು ಭಾನುವಾರಕ್ಕೊಮ್ಮೆ ಕೂಡುವವರು, ಅದೂ ಅವಳಿಗೆ ಡ್ಯೂಟಿ ಇಲ್ಲದಿದ್ದರೆ. ಅವನು ದೇವರನ್ನು ನೆನೆದು, ಹೇಳಿದಂತೆ ಎಲ್ಲ ಬದಲಿಸಿ ಗುಂಡಿ ಒತ್ತಿದ. ಮುಕ್ಕುಂದ ಹಸಿರು. ಸಂತೆಕಲ್ಲೂರು ಹಸಿರು. ಪಾಮನಕಲ್ಲೂರು ಮಾತ್ರ ಶಿವ ಹಣೆಗಣ್ಣು ತೆರೆದಂತೆ ಕೆಂಪಗೆ ಉರಿಯಿತು!

ಫೋನು ಮಾಡಿದ. ಅಲ್ಲಿ ಡಬ್ಬಿ ಇಟ್ಟಿದ್ದ ಮನೆಯ ಗ್ಯಾನಮ್ಮ ಎತ್ತಲಿಲ್ಲ. ಬೈಕು ಹತ್ತಿ ಮಸ್ಕಿ ದಾಟಿ ಪಾಮನಕಲ್ಲೂರು ಮುಟ್ಟಿದರೆ ಅವಳ ಬಾಗಿಲಿಗೆ ಬೀಗ. ಪಕ್ಕದ ಕಟ್ಟೆಯ ಮೇಲಿದ್ದ ಉಸ್ಮಾನ್‌ಸಾಬ್ ವಿಚಾರಣೆ ಶುರುಮಾಡಿದ.

“ಗ್ಯಾನವ್ವ ಹತ್ತಿ ಹೊಲಕ್ಕ ಕಸ ತಗಿಯಾಕ ಹೋಗ್ಯಾಳ. ಏನ್ರೀ, ವಸೂಲಿಗೆ ಬಂದೀರೇನು?”

“ಇಲ್ರೀ ಚಾಚಾ, ದೀಪ ಹಚ್ಚಾಕ ಬಂದೀನಿ.”

“ಮಟಮಟ ಮಧ್ಯಾಹ್ನದಾಗ?” ಸಾಬ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ತಲಿಮ್ಯಾಲೆ ಒಂದು ವಸ್ತ್ರ ಹಾಕ್ಕೊಳ್ರಿ, ಬಿಸಿಲು ಭಾಳ ಐತಿ.”

ಹೊಲದಲ್ಲಿ ಗ್ಯಾನಮ್ಮ ಅವನ ಗೋಳು ಕೇಳುವ ಮೊದಲು ಬೈಕು ನೋಡಿದಳು. “ಛಲೋ ಆತು ನೀ ಬಂದಿದ್ದು. ಈ ಹುಲ್ಲಿನ ಹೊರಿ ಇಟ್ಕೋ, ಮನಿಗೆ ಹೋಗೂಣು.” ಊರೊಳಗೆ ಬಂದದ್ದು ಬೈಕೋ ಬಣವೆಯೋ ತಿಳಿಯದೆ ನಾಯಿಗಳು ಬೆನ್ನು ಹತ್ತಿದವು.

ಬೀಗ ತೆಗೆದು ನೋಡಿದರೆ ಡಬ್ಬಿಯ ಸ್ವಿಚ್ ಆರಿತ್ತು.

“ಯವ್ವಾ, ಇದನ್ನ್ಯಾಕ ಆರಿಸಿದಿ?”

“ಖಾಲಿ ಮನ್ಯಾಗ ಕರೆಂಟ್ ಉರಸಾಕ ನಾನೇನು ದೇಸಾಯರ ಮನಿಯಾಕೀನ? ದಿನಾ ಆರಿಸೇ ಹೊಲಕ್ಕ ಹೋಗೂದು.”

“ದಿನಾ?” ಕನಕರಾಜನ ಜೀವ ಹಾರಿತು.

“ಮತ್ತ? ಈಗೂ ಆರಿಸೇ ಹೋಗ್ತೀನಿ, ಇನ್ನಾ ಸಾಲು ಉಳದಾವ. ಆರದ ದೀಪ ಬೇಕಂದ್ರ ಬಸವಣ್ಣನ ಗುಡಿಗೆ ಒಯ್ಯಿ.”

ಮಾತು ನಿಜವಿತ್ತು. ಶ್ರಾವಣದ ಭಜನೆ ನಡೆದಿತ್ತು. ವಾರವಿಡೀ ಹಾಡು ಕಡಿಯುವಂತಿಲ್ಲ, ದೀಪ ಆರುವಂತಿಲ್ಲ. ಕರೆಂಟು ಹೋದರೆ ಜನರೇಟರು. ಪರವೂರಿನವರು ಮೊಬೈಲಿನಲ್ಲಿ ನೋಡಲೆಂದು ಗುಡಿಗೆ ಸಾವಕಾರರ ನೆಟ್ಟೇ ಹಾಕಿಸಿದ್ದರು. ಕನಕರಾಜ ಡಬ್ಬಿ ಎತ್ತಿಕೊಂಡು ಓಡಿದ. ಅಲ್ಲಿ ಭಜನೆಯ ಹಿರಿಯ ಮಾಳಿಂಗಪ್ಪ ತಾಳ ಬಿಡದೆ ಮಾತಾಡಿದ.

“ಇಡಾಕ ಅಡ್ಡಿಯಿಲ್ಲೋ ತಮ್ಮಾ. ಆದ್ರ ಕರೆಂಟ್ ಹೋಗೈತಿ. ಈ ಪಾಳಿಯವ್ರು ಹೊಲಕ್ಕ ಹೋಗ್ಯಾರ, ನಮ್ಮ ಗಂಟಲ ಬಿದ್ದಾವ. ಹಾಡು ನಿಂತ್ರ ಜನರೇಟರೂ ಬಂದ್. ದೇವರ ಡೀಸೆಲ್ ಹಾಡಿಗಷ್ಟ. ಕುಂಡ್ರು, ಮುಂದ ನೀ ಹಾಡು, ಹಿಂದ ನಾವು ಹೇಳ್ತೀವಿ.”

ಶಾಲೆಯ ಪ್ರಾರ್ಥನೆಯಲ್ಲಿ ಕೂಡ ಬರೀ ತುಟಿ ಆಡಿಸಿದವನು ಕನಕರಾಜ. ಆದರೂ ಡಬ್ಬಿ ಸಿಕ್ಕಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದ. ಎಣ್ಣೆ ಕಾಣದ ಬಂಡಿಯ ಗಾಲಿ ಏರು ಹತ್ತಿದಂತೆ ಸ್ವರ ಹೊರಟಿತು. ಮುದುಕರು ಬೆಚ್ಚಿದರೂ ಹಿಂದೆ ಹೇಳಿದರು. ಹಾಡು ರಂಗೇರುವಾಗ ಕಿಸೆಯಲ್ಲಿ ಫೋನು ಬಡಿದುಕೊಂಡಿತು, ಸಾವಕಾರರದು. ಹಾಡುತ್ತಲೇ ಸ್ಪೀಕರ್ ಒತ್ತಿ ಮುಂದಿಟ್ಟ.

“ಎಲ್ಲಿ ಹಾಳಾಗಿ ಹೋಗೀಯೋ ಕನಕರಾಜ?”

ನಿಲ್ಲಿಸಿದರೆ ಜನರೇಟರು ನಿಲ್ಲುತ್ತದೆ. ಅವನು ಅದೇ ಧಾಟಿಯಲ್ಲಿ ಎಳೆದ: “ಪಾಮನಕಲ್ಲೂರಾಗ ಅದೀನಿ ತಂದೇ...”

“ಪಾಮನಕಲ್ಲೂರಾಗ ಅದೀನಿ ತಂದೇ...” ಮುದುಕರು ತಾಳ ಹಾಕಿದರು.

“ಹಸಿರು ಬಂತೇನು ನೋಡ್ರಿ ಸ್ವಾಮೀ...”

“ಹಸಿರು ಬಂತೇನು ನೋಡ್ರಿ ಸ್ವಾಮೀ...”

ಸಾವಕಾರರೂ ಭಜನೆಯ ಮನೆತನದವರೇ, ಆಚೆಯಿಂದಲೂ ಅದೇ ಧಾಟಿಯಲ್ಲಿ ಕೇಳಿಬಂತು: “ಬಂತೋ ಬಂತೋ ಹಸಿರು ಬಂತೋ...”

ಗುಡಿಯೇ ನಡುಗುವಂತೆ ಎಲ್ಲರೂ “ಬಂತೋ ಬಂತೋ” ಎಂದರು. ಏನು ಬಂತೆಂದು ಯಾರೂ ಕೇಳಲಿಲ್ಲ. ಹೊಲದಿಂದ ಮರಳಿದವರು ಪಾಳಿ ಹಿಡಿಯುವವರೆಗೂ ಕನಕರಾಜ ಹಾಡಿದ. ಮಾಳಿಂಗಪ್ಪ ಅವನ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ. “ದನಿ ಕೆಟ್ಟೈತಿ, ಭಕ್ತಿ ಗಟ್ಟಿ ಐತಿ!” ಗ್ಯಾನಮ್ಮ ಕಾಯಿ ಒಡೆಸಿ ಹೋಳು ಕೈಗಿಟ್ಟಳು. ಡಬ್ಬಿಯನ್ನು ಬಸವಣ್ಣನಿಗೆ ಒಪ್ಪಿಸಿ ಅವನು ಯುದ್ಧ ಗೆದ್ದ ದಳಪತಿಯಂತೆ ಬೈಕು ಏರಿದ. ಮಸ್ಕಿಯಲ್ಲಿ ನಿಂತು ಪ್ರಿಯಾಂಕಾಗೆ ಫೋನು ಮಾಡಿ, “ಗೆದ್ದೆ! ಲಿಂಗಸುಗೂರು ನಂದಾತು!” ಎಂದು ಕೂಗಿದ.

ಸಿಂಧನೂರಿನಲ್ಲಿ ಸಾವಕಾರರು ಪೇಢಾ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಪರದೆಯ ಮೇಲೆ ಮೂರೂ ಹಸಿರು, ಮಳೆ ಕಂಡ ಜೋಳದ ಹೊಲದಂತೆ.

“ಶಾಬಾಸ್! ಇವತ್ತು ನನ್ನ ಕಣ್ಣು ತೆರಿಸಿದಿ. ನೀ ಅಲ್ಲಿಂದ ಹೊಂಟು ಬಂದೀ, ಆದ್ರೂ ದೀಪ ಮಿಸುಕಲಿಲ್ಲ! ಒಂದು ಡಬ್ಬಿ ಇಷ್ಟು ಛಲೋ ಕಾಯ್ತಂದ್ರ ಲಿಂಗಸುಗೂರಿಗೆ ಆಫೀಸ್ ಯಾಕ, ಕುರ್ಚಿ ಯಾಕ? ಅಲ್ಲೂ ಒಂದು ಡಬ್ಬಿ ಇಟ್ರಾತು.”

ಕನಕರಾಜ ಬಾಯಿಗೆ ಒಯ್ದ ಪೇಢಾ ಕೆಳಗಿಳಿಸಿದ. “ಆದ್ರ ಸಾವಕಾರ್ರ, ಮಂದಿ ಸ್ವಿಚ್ ಆರಸ್ತಾರ್ರೀ...”

“ಅದಕ್ಕ ನಂಬಿಗಿ ಮನಿ ಬೇಕು. ನಿನ್ನ ಹೆಂಡತಿ ಮನಿ ಐತೆಲ್ಲ! ನಡಿ, ಬಸ್ಸಿಗೆ ಹೊತ್ತಾತು.”

ಬಸ್ ನಿಲ್ದಾಣದಲ್ಲಿ ಸಾವಕಾರರು ಕಂಡಕ್ಟರನಿಗೆ ಹೇಳಿ, ಹೊಸ ಡಬ್ಬಿಯನ್ನು ಲಿಂಗಸುಗೂರಿನ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲೇ ಕೂರಿಸಿದರು. ಬಸ್ಸು ಹೊರಟಿತು. ಕನಕರಾಜ ಮಾಲೆ ಹಾಕಿಕೊಂಡು ಕೆಳಗೇ ನಿಂತಿದ್ದ. ಫೋನು ಬಂತು.

“ಬಸ್ ಹತ್ತಿದ್ರೇನ್ರೀ?” ಪ್ರಿಯಾಂಕಾಳ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು. “ಹೋಳಿಗಿಗೆ ಬ್ಯಾಳಿ ಬೇಯಾಕ ಇಟ್ಟೀನಿ.”

“ಡಬ್ಬಿ ಹತ್ತೇತಿ,” ಎಂದ ಕನಕರಾಜ. “ಅದಕ್ಕ ಹೋಳಿಗಿ ಬ್ಯಾಡ. ಒಂದು ಸ್ವಿಚ್ ಖಾಲಿ ಇಡು, ಸಾಕು.”