ಒಂದೇ ಒಂದು ದೂರು

ಆಳೆತ್ತರದ ಯಂತ್ರಗಳು ಮಾಡುತ್ತಿದ್ದ, ಕರೆ ಜೋಡಿಸುವ ಕೆಲಸವನ್ನು ಇನ್ನು ಬರೀ ಸಾಫ್ಟ್‌ವೇರ್ ಮಾಡಬಲ್ಲದೇ ಎಂಬ ಪರೀಕ್ಷೆ ಆ ಟೆಲಿಫೋನ್ ಕಚೇರಿಯಲ್ಲಿ ಮೂರು ವರ್ಷದಿಂದ ಮುಗಿದಿರಲೇ ಇಲ್ಲ. ಮೂರು ತಿಂಗಳ ಮಟ್ಟಿಗೆಂದು ಬಂದ ಇಂಜಿನಿಯರ್ ನೆಲಮಾಳಿಗೆಯಲ್ಲೇ ಬೇರು ಬಿಟ್ಟಿದ್ದ. ಹೆಂಡತಿ ದೂರದ ತಮ್ಮೂರಿನಲ್ಲಿ ನರ್ಸ್. ಪುಟ್ಟ ಮಗಳಂತೂ ಫೋನನ್ನೇ ಅಪ್ಪ ಎನ್ನುತ್ತಿದ್ದಳು. ಪಾಪ, ಅವಳದೇನು ತಪ್ಪು?

ಕೊನೆಗೂ ಇವತ್ತು ಇಡೀ ಊರಿನ ಕರೆಗಳು ಸಾಫ್ಟ್‌ವೇರಿನ ಪಾಲಾಗಬೇಕಿತ್ತು. ದೊಡ್ಡ ಸಾಹೇಬರು ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದರು. "ಸಂಜೆ ಐದರವರೆಗೆ ಒಂದೂ ದೂರು ಬರಬಾರ್ದು. ಬರಲಿಲ್ವೋ, ನಾಳೆನೇ ನಿಮ್ಮೂರಿಗೆ ವರ್ಗ. ಬಂತೋ, ಇನ್ನೊಂದು ವರ್ಷ ಪರೀಕ್ಷೆ."

ಒಂಬತ್ತಕ್ಕೆ ಗುಂಡಿ ಒತ್ತಿದ್ದೇ ತಡ, ಅವನ ಫೋನು ಬಡಿದುಕೊಂಡಿತು. ಮನೆ ಓನರು.

"ಏನಿಲ್ಲಪ್ಪ, ಲೈನ್ ಹೆಂಗಿದೆ ಅಂತ ನೋಡ್ದೆ. ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಸಾರ್."

"ಸರಿ, ಆಮೇಲೆ ಇನ್ನೊಂದ್ಸಲ ನೋಡ್ತೀನಿ."

ಆಮೇಲೆ ಪಕ್ಕದ ಮನೆ ಆಂಟಿ ನೋಡಿದರು, ಓನರ ಭಾವಮೈದ ನೋಡಿದ, ಮೇಲಿನ ಮಹಡಿಯ ಗುಮಾಸ್ತರೆಲ್ಲ ಸರದಿಯಂತೆ ನೋಡಿದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕೀಬೋರ್ಡು. ಹೀಗಿರುವಾಗ ಅವನು ಒಂದು ಅಂಕಿ ತಪ್ಪಾಗಿ ಒತ್ತಿ, ಅರ್ಧ ಊರು ಅರೆನಿಮಿಷ ಮೂಕವಾಯಿತು. ಬೆವರೊರೆಸಿಕೊಂಡು ಸರಿಪಡಿಸಿದವನೇ ಫೋನ್ ಆಫ್ ಮಾಡಿ ಡ್ರಾಯರಿಗೆ ಎಸೆದ.

ಗಂಟೆಗೊಮ್ಮೆ ಏದುಸಿರು ಬಿಡುತ್ತ ಮೇಲೆ ಹೋಗಿ ದೂರು ಬರೆದುಕೊಳ್ಳುವ ಮೇಡಂ ಮುಂದೆ ನಿಲ್ಲುತ್ತಿದ್ದ. "ಬಂತಾ ಮೇಡಂ?"

"ಇಲ್ಲಪ್ಪ."

ನಾಲ್ಕು ಗಂಟೆಗೆ ವರ್ಗದ ಆದೇಶ ಟೈಪಾಗಿ ಸಾಹೇಬರ ಮೇಜು ಸೇರಿತು. ಖುಷಿಗೆ ಅವನಿಗೆ ಅಳುವೇ ಬಂತು.

ಐದಕ್ಕೆ ಹತ್ತು ನಿಮಿಷವಿತ್ತು. ಕೊನೆಯ ಸಲ ಮೇಲೆ ಹೋದರೆ ಮೇಡಂ ರಿಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದರು. ಅವನು ರಿಜಿಸ್ಟರಿನತ್ತ ಬಗ್ಗಿದ.

"ಯಾರೋ ಹೆಂಗಸು. ಗಂಡನ ಫೋನಿಗೆ ಬೆಳಿಗ್ಗೆಯಿಂದ ಮಾಡ್ತಾನೇ ಇದ್ದಾರಂತೆ, ಸಿಗ್ತಿಲ್ವಂತೆ." ಅವರು ನಂಬರ್ ಓದಿದರು.

"ಅಯ್ಯೋ, ಅದು ನನ್ನ ನಂಬರ್! ನಾನೇ ಆಫ್ ಮಾಡಿದ್ದು, ಹೊಡೆದುಹಾಕಿ ಮೇಡಂ!"

"ಬರೆದದ್ದನ್ನ ಹೊಡೆದುಹಾಕೋ ಹಾಗಿಲ್ಲಪ್ಪ. ಬೇಕಾದ್ರೆ ಪಕ್ಕದ ಷರಾದಲ್ಲಿ ಫೋನ್ ಆಫ್ ಆಗಿತ್ತು ಅಂತ ಸೇರಿಸ್ತೀನಿ."

ಸಾಹೇಬರು ರಿಜಿಸ್ಟರ್ ನೋಡಿದರು, ಷರಾ ಓದಲಿಲ್ಲ. ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು.

ಅವನು ಕಾಲೆಳೆದುಕೊಂಡು ಕೆಳಗಿಳಿದು ಫೋನ್ ಆನ್ ಮಾಡಿದ. ಅದು ತಕ್ಷಣ ಬಡಿದುಕೊಂಡಿತು.

"ಅಬ್ಬ, ಸಿಕ್ಕಿದ್ರಲ್ಲ!" ಎಂದಳು ಹೆಂಡತಿ. "ಒಂದು ಕಂಪ್ಲೇಂಟ್ ಕೊಟ್ಟೆ ನೋಡಿ, ಹತ್ತೇ ನಿಮಿಷದಲ್ಲಿ ಸರಿಹೋಯ್ತು. ಈಗ ಹೇಳಿ, ಯಾವಾಗ ಬರ್ತೀರಿ?"